ಇತಿಹಾಸ ಓದ್ಬೇಕು ಅಂತಿದೀನಿ, ಬಿಎಗೆ ಯಾವ ಕಾಲೇಜು ಸೇರ್ಲಿ? ಶಿವಮೊಗ್ಗನೋ ಮೈಸೂರೋ ಧಾರವಾಡನೋ, ಗೊತ್ತಿರೋರು ಹೇಳಿ

ಹೊಲದ_ಬದು

ಎಲ್ರಿಗೂ ನಮಸ್ಕಾರ, ಇಲ್ಲಿ ಮೊದಲ್ನೇ ಸಲ ಬರೀತಿದೀನಿ. ಈ ವರ್ಷ ಸೆಕೆಂಡ್ ಪಿಯುಸಿ ಮುಗೀತು, ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ), ಸರ್ಕಾರಿ ಕಾಲೇಜು, ಕನ್ನಡ ಮಾಧ್ಯಮ. ಇತಿಹಾಸದಲ್ಲಿ 96 ಬಂತು. ನಮ್ಮೂರು ಶಿರಾಳಕೊಪ್ಪದ ಹತ್ರ, ತಾಳಗುಂದಕ್ಕೆ ಸೈಕಲಲ್ಲೇ ಹೋಗ್ಬಹುದು.

ಒಂಬತ್ತನೇ ಕ್ಲಾಸಲ್ಲಿದ್ದಾಗ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ಶನಿವಾರ ಮಧ್ಯಾಹ್ನ ಎಲ್ರನ್ನೂ ತಾಳಗುಂದದ ಪ್ರಣವೇಶ್ವರ ಗುಡಿಗೆ ಕರ್ಕೊಂಡು ಹೋಗಿದ್ರು. ಅಲ್ಲಿರೋ ಕಂಬ ನೋಡಿ ನಾನು ಅಲ್ಲಿವರೆಗೆ ಅದು ಬರೀ ಕಂಬ ಅನ್ಕೊಂಡಿದ್ದೆ. ಮೇಷ್ಟ್ರು ಅದ್ರಲ್ಲಿರೋ ಕಥೆ ಹೇಳಿದ್ರು, ಮಯೂರಶರ್ಮ ಗುರು ವೀರಶರ್ಮನ ಜೊತೆ ಓದೋಕೆ ಅಂತ ಕಂಚಿಯ ಘಟಿಕೆಗೆ, ಅಂದ್ರೆ ದೊಡ್ಡ ವಿದ್ಯಾಕೇಂದ್ರಕ್ಕೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು, ಆಮೇಲೆ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ್ದು. ಕೊನೇಲಿ ಕುಬ್ಜ ಅನ್ನೋ ಕವಿ ಈ ಕಾವ್ಯನ ನಾನೇ ಕಲ್ಲಿನ ಮೇಲೆ ಬರೆದೆ ಅಂತ ಹೇಳ್ಕೊಂಡಿದಾನೆ ಅಂದ್ರು. ಆ ಮಾತು ನಂಗೆ ಇನ್ನೂ ಹೋಗಿಲ್ಲ ತಲೆಯಿಂದ. ಅಷ್ಟು ಹಳೇ ಕಾಲದ ಮನುಷ್ಯ ಒಬ್ಬ ನಮ್ಮೂರ ಪಕ್ಕದಲ್ಲಿ ನಿಂತ್ಕೊಂಡು ಅದನ್ನ ಬರ್ದಿದಾನೆ.

ಅವತ್ತಿಂದ ಇತಿಹಾಸನೇ ಓದ್ಬೇಕು ಅಂತಿದೆ. ಅಪ್ಪ ಬಿಕಾಂ ಮಾಡು ಅಂತಾರೆ. ಎರಡೆಕರೆ ಹೊಲ, ಮೆಕ್ಕೆಜೋಳ, ಸ್ವಲ್ಪ ಅಡಿಕೆ ಹಾಕಿದೀವಿ ಇನ್ನೂ ಫಸಲು ಬಂದಿಲ್ಲ. ದುಡ್ಡಿನ ವಿಷ್ಯ ನೋಡ್ಲೇಬೇಕು. ನನ್ನ ಮುಂದಿರೋದು ಇಷ್ಟು, ತಾಲ್ಲೂಕಿನ ಸರ್ಕಾರಿ ಡಿಗ್ರಿ ಕಾಲೇಜು, ಮನೆಯಿಂದ ಬಸ್ಸಲ್ಲಿ ಓಡಾಡ್ಬಹುದು. ಇಲ್ಲ ಶಿವಮೊಗ್ಗದ ಸಹ್ಯಾದ್ರಿ. ಇಲ್ಲ ಮೈಸೂರು ಮಹಾರಾಜ ಕಾಲೇಜು. ಧಾರವಾಡದ ಕರ್ನಾಟಕ ಕಾಲೇಜು ಚೆನ್ನಾಗಿದೆ ಅಂತ ನಮ್ಮ ಪಿಯು ಮೇಡಂ ಹೇಳಿದ್ರು. ಇನ್ನೊಬ್ರು ಯಾರೋ ಡೆಲ್ಲಿಗೆ ಹೋಗು ಅಂದ್ರು. ಯಾವ್ದು ಒಳ್ಳೇದು, ಯಾವ ಕಾಂಬಿನೇಷನ್ ತಗೋಬೇಕು, ಇಂಗ್ಲಿಷ್ ಅಷ್ಟು ಬರಲ್ಲ ಅದೊಂದು ಭಯ. ದಯವಿಟ್ಟು ಹೇಳಿ.

ಸಾಗರದ_ಅಡಿಕೆ

ತಮ್ಮಾ, ಬೇಜಾರು ಮಾಡ್ಕೋಬೇಡ, ನಿಮ್ಮಪ್ಪನ ಜಾಗದಲ್ಲಿ ನಿಂತು ಹೇಳ್ತೀನಿ. ನಮ್ಮ ಅಣ್ಣನ ಮಗ ಬಿಎ ಮಾಡ್ದ, ಒಳ್ಳೇ ಹುಡುಗ, ಓದ್ತಿದ್ದ ಕೂಡ. ಡಿಗ್ರಿ ಮುಗ್ದು ನಾಲ್ಕು ವರ್ಷ ಆಯ್ತು, ಒಂದಾದ್ಮೇಲೊಂದು ಪರೀಕ್ಷೆ ಬರೀತಾನೇ ಇದಾನೆ, ಮನೇಲಿ ಮಾತಾಡೋದೇ ಬಿಟ್ಟಿದಾನೆ. ಅದನ್ನ ನೋಡಿದ ಅಪ್ಪಂದಿರಿಗೆ ಬಿಎ ಅಂದ್ರೆ ಎದೆ ಝಲ್ ಅನ್ನುತ್ತೆ. ಇತಿಹಾಸ ಬೇಡ ಅಂತಲ್ಲ, ಓದಿದ್ಮೇಲೆ ಏನು ಅಂತ ಮೊದ್ಲೇ ಯೋಚ್ನೆ ಮಾಡಿ ಹೋಗು ಅಂತ. ಇಲ್ಲಿರೋ ತಿಳಿದವರು ಕಾಲೇಜಿನ ಹೆಸರು ಹೇಳೋದ್ರ ಜೊತೆಗೆ ಅದನ್ನೂ ಸ್ವಲ್ಪ ಹೇಳಿ.

ನಿವೃತ್ತ_ಮೇಷ್ಟ್ರು

ಮಗು, ನಾನು ಮೂವತ್ತು ವರ್ಷದ ಮೇಲೆ ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಇತಿಹಾಸ ಪಾಠ ಮಾಡಿದೀನಿ, ಆರು ಊರು ಸುತ್ತಿದೀನಿ. ಯಾವ ಕಾಲೇಜು ಒಳ್ಳೇದು ಅಂತ ಕೇಳ್ದೆ. ಕಾಲೇಜಿನ ಬೋರ್ಡು ನೋಡಿ ಹೇಳೋ ಕಾಲ ಹೋಯ್ತು. ಇತಿಹಾಸಕ್ಕೆ ಮಾತ್ರ ಹೇಳೋದಾದ್ರೆ ಕಾಲೇಜು ಅಂದ್ರೆ ಒಬ್ಬ ಮೇಷ್ಟ್ರು, ಒಂದು ಲೈಬ್ರರಿ, ಮತ್ತೆ ಬಸ್ಸಲ್ಲಿ ಹೋಗಿ ಬರೋ ದೂರದಲ್ಲಿ ಮೂಲ ಆಕರ. ಈ ಮೂರೂ ಇದ್ರೆ ತಾಲ್ಲೂಕು ಕಾಲೇಜಾದ್ರೂ ಚಿನ್ನ. ಇಲ್ದೇ ಇದ್ರೆ ನೂರು ವರ್ಷದ ಕಟ್ಟಡ ಇದ್ರೂ ನೀನು ಗೈಡು ಓದಿ ಪಾಸಾಗಿ ಬರ್ತೀಯ ಅಷ್ಟೇ.

ಅರ್ಜಿ ಹಾಕೋಕೆ ಮೊದ್ಲು ಕಾಲೇಜಿಗೆ ಹೋಗು. ಆಫೀಸಿಗಲ್ಲ, ನೇರ ಲೈಬ್ರರಿಗೆ. ಎಪಿಗ್ರಾಫಿಯಾ ಕರ್ನಾಟಿಕಾ ಇದೆಯಾ ಅಂತ ಕೇಳು. ಬಿ.ಎಲ್. ರೈಸ್ ಅವ್ರು ಊರೂರು ತಿರುಗಿ ಒಂಬತ್ತು ಸಾವಿರದ ಹತ್ತತ್ರ ಶಾಸನ ಸೇರಿಸಿ ತಂದ ಸಂಪುಟಗಳು ಅವು, ನಿಮ್ಮ ತಾಳಗುಂದದ ಕಂಬ ಏಳನೇ ಸಂಪುಟದಲ್ಲಿದೆ, ಶಿಕಾರಿಪುರ 176, ಅಂದ್ರೆ ಆ ತಾಲ್ಲೂಕಿನ 176ನೇ ಶಾಸನ. ಇದ್ರೆ ತೆಗೆಸಿ ನೋಡು. ಹಿಂದಿನ ಪುಟದಲ್ಲಿ ತಾರೀಕು ಹಾಕೋ ಚೀಟಿ ಅಂಟಿಸಿರ್ತಾರಲ್ಲ, ಅದ್ರಲ್ಲಿ ಕೊನೇ ಮುದ್ರೆ ಯಾವ ವರ್ಷದ್ದು ನೋಡು. ಆ ಚೀಟಿ ನಿಂಗೆ ಆ ಡಿಪಾರ್ಟ್‌ಮೆಂಟ್ ಬಗ್ಗೆ ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಹೇಳುತ್ತೆ. ನಾನು ಒಂದು ಊರಿಗೆ ವರ್ಗ ಆಗಿ ಹೋದಾಗ ಆ ಸಂಪುಟದ ಪುಟಗಳು ಇನ್ನೂ ಅಂಚು ಕತ್ತರಿಸದೆ ಅಂಟ್ಕೊಂಡೇ ಇದ್ವು, ತಂದು ಇಟ್ಟಿದ್ರು, ಯಾರೂ ತೆಗೆದೇ ಇರ್ಲಿಲ್ಲ. ಪೋಸ್ಟ್‌ಕಾರ್ಡ್ ಹಾಕಿ ಒಂದೊಂದೇ ಪುಟ ಬಿಡಿಸ್ದೆ.

ಆಮೇಲೆ ಇತಿಹಾಸ ಪಾಠ ಮಾಡೋರು ಕಾಯಂ ಇದಾರಾ ಅತಿಥಿ ಉಪನ್ಯಾಸಕರಾ ಕೇಳು. ತಪ್ಪು ತಿಳೀಬೇಡ, ನಾನು ಕಂಡ ಅತ್ಯುತ್ತಮ ಮೇಷ್ಟ್ರುಗಳಲ್ಲಿ ಅತಿಥಿಗಳೂ ಇದಾರೆ, ಕಮ್ಮಿ ಸಂಬಳಕ್ಕೆ ಎದೆ ಒಡ್ಕೊಂಡು ಪಾಠ ಮಾಡಿದಾರೆ. ಆದ್ರೆ ವರ್ಷದ ಮಧ್ಯದಲ್ಲಿ ಅವ್ರು ಇರ್ತಾರೋ ಇಲ್ವೋ ಅವ್ರಿಗೇ ಗೊತ್ತಿರಲ್ಲ, ತಿಂಗಳುಗಟ್ಲೆ ಕ್ಲಾಸು ಖಾಲಿ ಹೋಗಿರೋದು ನೋಡಿದೀನಿ. ಅದಕ್ಕೆ ಸೀನಿಯರ್ ಹುಡುಗ್ರನ್ನ ಕೇಳು, ಹೋದ ವರ್ಷ ಇತಿಹಾಸದ ಸಿಲೆಬಸ್ ಮುಗೀತಾ ಅಂತ.

ಚಾಮುಂಡಿ_ಮೆಟ್ಟಿಲು

ನಾನು ಮಹಾರಾಜ ಕಾಲೇಜಲ್ಲಿ ಬಿಎ, ಮಾನಸಗಂಗೋತ್ರಿಯಲ್ಲಿ ಎಂಎ ಮಾಡಿದ್ದು. ಪಕ್ಷಪಾತ ಇರುತ್ತೆ, ಮೊದ್ಲೇ ಹೇಳ್ಬಿಡ್ತೀನಿ. ಕುವೆಂಪು ಓದಿದ ಪಾಠ ಮಾಡಿದ ಜಾಗ, ರಾಧಾಕೃಷ್ಣನ್ ಪಾಠ ಮಾಡಿದ ಜಾಗ, ಇತಿಹಾಸಕ್ಕೆ ಎಸ್. ಶ್ರೀಕಂಠ ಶಾಸ್ತ್ರಿಗಳು ಇದ್ದ ಜಾಗ, ಆ ಹೆಮ್ಮೆ ಮನಸ್ಸಲ್ಲಿ ಇದ್ದೇ ಇರುತ್ತೆ. ಆದ್ರೆ ಮೇಷ್ಟ್ರು ಹೇಳಿದ್ದು ನಿಜ, ಮೈಸೂರು ನಂಗೆ ಕೊಟ್ಟಿದ್ದು ಕಾಲೇಜಿನ ಒಳಗಿಗಿಂತ ಹೊರಗೆ ಜಾಸ್ತಿ.

ಕಾಲೇಜಿಂದ ನಡ್ಕೊಂಡು ಹೋದ್ರೆ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್. 1891ರಲ್ಲಿ ಶುರುವಾಗಿದ್ದು. 1905ರಲ್ಲಿ ಶಾಮಾಶಾಸ್ತ್ರಿಗಳು ಅಲ್ಲಿನ ತಾಳೆಗರಿ ಕಟ್ಟುಗಳ ಮಧ್ಯ ಕೌಟಿಲ್ಯನ ಅರ್ಥಶಾಸ್ತ್ರ ಗುರುತಿಸಿದ್ದು, 1909ರಲ್ಲಿ ಅಚ್ಚು ಹಾಕಿಸಿದ್ದು. ಅಲ್ಲಿವರೆಗೆ ಅದು ಬೇರೆಯವ್ರ ಮಾತಲ್ಲಿ ಬರೋ ಹೆಸರಾಗಿ ಮಾತ್ರ ಉಳಿದಿತ್ತು, ಪೂರ್ತಿ ಗ್ರಂಥ ಯಾರ ಕೈಗೂ ಸಿಕ್ಕಿರ್ಲಿಲ್ಲ. ಸೆಕೆಂಡ್ ಇಯರಲ್ಲಿ ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗಿ ತಾಳೆಗರಿ ಹೇಗೆ ಎಣ್ಣೆ ಹಚ್ಚಿ ಕಾಪಾಡ್ತಾರೆ ತೋರ್ಸಿದ್ರು, ಆ ವಾಸನೆ ಇವತ್ತಿಗೂ ಮೂಗಲ್ಲಿದೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರೋದೂ ಮೈಸೂರಲ್ಲೇ. ರೈಸ್ ಸಂಪುಟಗಳನ್ನ ತಿದ್ದಿ ಹೊಸದಾಗಿ ಸೇರಿಸಿ ಹೊರತಂದಿದ್ದು ಇಲ್ಲಿನ ಕನ್ನಡ ಅಧ್ಯಯನ ಸಂಸ್ಥೆ. ಹಂಗಾಗಿ ಶಾಸನ ಪ್ರಾಚೀನ ಇತಿಹಾಸ ಅಂದ್ರೆ ಮೈಸೂರಿನಷ್ಟು ಅನುಕೂಲ ಬೇರೆ ಕಡೆ ಕಷ್ಟ.

ತೊಂದ್ರೆ ಅಂದ್ರೆ ಇರೋ ಜಾಗ. ಹಾಸ್ಟೆಲ್ ಸಿಗದೇ ಇದ್ರೆ ರೂಮು, ಊಟ ಎಲ್ಲಾ ಸೇರಿ ನಿಮ್ಮಪ್ಪನಿಗೆ ಹೊರೆ ಆಗುತ್ತೆ. ಹಿಂದುಳಿದ ವರ್ಗಗಳ ಹಾಸ್ಟೆಲಿಗೆ ಆನ್‌ಲೈನ್ ಅರ್ಜಿ ಬಿಡ್ತಾರೆ, ಕಾಲೇಜು ಅಡ್ಮಿಷನ್ ಆದ ದಿನವೇ ಅದನ್ನೂ ಹಾಕ್ಬಿಡು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಹುಡುಗ್ರಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ಅಂತ ತಿಂಗಳಿಗೆ ಸ್ವಲ್ಪ ದುಡ್ಡು, ಹತ್ತು ತಿಂಗಳು. ಸಾಕಾಗಲ್ಲ, ಆದ್ರೂ ಬಿಡ್ಬೇಡ.

ಸಾಧನಕೇರಿ_ಮಳಿ

ತಮ್ಮಾ, ಧಾರವಾಡದ ಬಗ್ಗೆ ನಾ ಹೇಳ್ತೀನಿ ಕೇಳು. ಕರ್ನಾಟಕ ಕಾಲೇಜು 1917ರಾಗ ಸುರು ಆಗಿದ್ದು, ಈಗ ಕರ್ನಾಟಕ ವಿಶ್ವವಿದ್ಯಾಲಯದ್ದ ಕಾಲೇಜು ಅದು. ನಾ ಅಲ್ಲೇ ಬಿಎ ಮಾಡೀನಿ, ಈಗ ಪಿಯು ಕಾಲೇಜಿನ್ಯಾಗ ಇತಿಹಾಸ ಹೇಳ್ತೀನಿ. ಯುನಿವರ್ಸಿಟಿ ಒಳಗ ಕನ್ನಡ ಸಂಶೋಧನಾ ಸಂಸ್ಥೆ ಐತಿ, 1939ರಿಂದ, ಪಂಚಮುಖಿಯವರು ಮೊದಲನೇ ನಿರ್ದೇಶಕರು, ಆಮ್ಯಾಲೆ ಪಿ.ಬಿ. ದೇಸಾಯಿಯವರು. ಅದರದ್ದ ಒಂದು ಮ್ಯೂಸಿಯಂ ಐತಿ, ವೀರಗಲ್ಲು, ಮೂರ್ತಿ, ಹಸ್ತಪ್ರತಿ ಎಲ್ಲಾ ಅದಾವ.

ನನಗ ಇತಿಹಾಸ ಅಂದ್ರ ಏನು ಅಂತ ತಿಳದದ್ದು ಒಂದು ದಿನ. ನಮ್ಮ ಸರ್ ಒಬ್ಬರು ನಾಲ್ಕು ಮಂದಿನ ಕರಕೊಂಡು ಒಂದು ಹಳ್ಳಿಗೆ ಹೋದ್ರು, ಕೆರಿ ಏರಿ ಮ್ಯಾಲೆ ಒಂದು ಶಾಸನ. ಮೊದಲ ನೀರು ಹಾಕಿ ಮೆತ್ತನ್ನ ಬ್ರಶ್ಶಿಲೆ ಕಲ್ಲು ತೊಳದ್ವಿ, ಪಾಚಿ, ಎಣ್ಣಿ, ಅರಿಷಿಣ ಎಲ್ಲಾ. ಆಮ್ಯಾಲೆ ಒದ್ದಿ ಕಾಗದ ಹಚ್ಚಿ ಬ್ರಶ್ಶಿಲೆ ಸಣ್ಣಗ ಬಡೀಬೇಕು, ಅಕ್ಷರದ ಕುಳಿಯೊಳಗ ಕಾಗದ ಇಳಿಯೂ ಹಂಗ. ಜೋರ್ ಬಡದ್ರ ಹರೀತೈತಿ. ನಾ ಎರಡ ಸಲ ಹರದೆ, ಸರ್ ಒಂದ ಮಾತು ಬೈಲಿಲ್ಲ, ಮತ್ತೊಂದು ಕಾಗದ ಕೊಟ್ರು. ಅರ್ಧ ಒಣಗಿದ ಮ್ಯಾಲೆ ಮಸಿ ಉಂಡಿಲೆ ಮ್ಯಾಲೆ ಮ್ಯಾಲೆ ತಟ್ಟಿದ್ವಿ. ಕಾಗದ ಎಲ್ಲಾ ಕರ್ರಗ ಆಗಿ ಅಕ್ಷರ ಅಷ್ಟ ಬೆಳ್ಳಗ ಎದ್ದು ಬಂದ್ವು ನೋಡು, ಆ ಊರಿನ ಅಜ್ಜಿಯೊಬ್ಬಾಕಿ ನಿಂತು ನೋಡ್ಲಿಕತ್ತಿದ್ಲು, ಕಣ್ಣಾಗ ನೀರ್ ತಂದಳು, ಇಷ್ಟ ವರ್ಷ ಇದರ ಮ್ಯಾಲೆ ಅರಿಬಿ ಒಗದೀನಲ್ಲೋ ಅಂತ.

ಇನ್ನೊಂದು, ಈ ಕಡೆ ಮುಂಬೈ ಕರ್ನಾಟಕ ಇದ್ದದ್ದರಿಂದ ಹಿಂದ ಮರಾಠಿ ಬರೀತಿದ್ದ ಮೋಡಿ ಲಿಪಿ ಕಾಗದಪತ್ರ ಭಾಳ ಅದಾವ. ಮನಿಮನಿಯೊಳಗ ಗಂಟು ಕಟ್ಟಿ ಇಟ್ಟಾರ, ಓದೂ ಮಂದಿ ಕಡಿಮಿ. ಮೋಡಿ ಕಲತ್ರ ಇಲ್ಲಿ ಜೀವಮಾನ ಪೂರ್ತಿ ಕೆಲಸ ಐತಿ. ಆದ್ರ ನಿನಗ ಕದಂಬರ ಕಾಲದ ಮ್ಯಾಲೆ ಮನಸ್ಸೈತಿ ಅಂದ್ರ ಅದೇನೂ ಅಡ್ಡಿ ಇಲ್ಲ, ಇಲ್ಲಿಂದ ಬನವಾಸಿ, ಹಾನಗಲ್ಲು, ಬಾದಾಮಿ, ಐಹೊಳಿ ಎಲ್ಲಾ ಒಂದೊಂದು ದಿನದ ದಾರಿ.

ಬೇಗೂರು_ಕೆರೆ

ನನ್ನ ಕತೆ ಹೇಳ್ತೀನಿ, ಯಾಕಂದ್ರೆ ತಪ್ಪು ಕಾಲೇಜು ಆರಿಸಿದ್ರೆ ಏನಾಗುತ್ತೆ ಅನ್ನೋದೂ ಗೊತ್ತಾಗ್ಲಿ. ಬೆಂಗಳೂರಲ್ಲಿ ಒಂದು ಖಾಸಗಿ ಕಾಲೇಜು, ಹೆಸರು ಬೇಡ. ಅಡ್ಮಿಷನ್ ದಿನ ಚೆಂದದ ಪುಸ್ತಿಕೆ ಕೊಟ್ರು, ಹಂಪಿ ಫೋಟೋ, ಮ್ಯೂಸಿಯಂ ಭೇಟಿ, ಉತ್ಖನನ ತರಬೇತಿ ಅಂತೆಲ್ಲ ಇತ್ತು. ನಮ್ಮಮ್ಮ ಒಡವೆ ಅಡ ಇಟ್ಟು ಫೀಸು ಕಟ್ಟಿದ್ರು. ಮೂರು ವರ್ಷದಲ್ಲಿ ಒಂದು ಸಲಾನೂ ಎಲ್ಲಿಗೂ ಹೋಗ್ಲಿಲ್ಲ. ಇತಿಹಾಸದ ಕ್ಲಾಸಲ್ಲಿ ನೋಟ್ಸ್ ಡಿಕ್ಟೇಟ್ ಮಾಡೋರು, ಕಾಮಾ ಫುಲ್‌ಸ್ಟಾಪ್ ಸಮೇತ. ಒಂದಿನ ನಾನು ಎದ್ದು ನಿಂತು ಸರ್ ಇದಕ್ಕೆ ಆಧಾರ ಏನು ಅಂತ ಕೇಳ್ದೆ, ಪರೀಕ್ಷೆಗೆ ಇಷ್ಟು ಸಾಕು ಕೂತ್ಕೋ ಅಂದ್ರು. ಅವತ್ತು ಒಳಗೆ ಏನೋ ಮುರಿದೋಯ್ತು, ಇಷ್ಟಪಟ್ಟು ಸೇರಿದ ವಿಷಯನ ಎರಡು ವರ್ಷ ಮುಟ್ಟೋಕೂ ಮನಸ್ಸು ಬರ್ಲಿಲ್ಲ.

ಮತ್ತೆ ಜೀವ ಬಂದಿದ್ದು ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ. ಅಲ್ಲಿ ಒಂದು ಕಲ್ಲಲ್ಲಿ ‘ಬೆಂಗಳೂರು ಕಾಳಗ’ ಅಂತಿದೆ, ಒಂಬತ್ತನೇ ಶತಮಾನದ್ದು, ಕೆಂಪೇಗೌಡರಿಗಿಂತ ಆರು ನೂರು ವರ್ಷ ಹಿಂದಿನದು. ನಮ್ಮ ಮನೆಯಿಂದ ಎರಡು ಕಿಲೋಮೀಟರು, ಕಾಲೇಜಲ್ಲಿ ಯಾರೂ ಹೇಳಿರ್ಲಿಲ್ಲ. ಆಮೇಲೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಓಡಾಡೋಕೆ ಶುರು ಮಾಡ್ದೆ. 1909ರ ಸಂಸ್ಥೆ ಅದು, ಲೈಬ್ರರಿ ಇದೆ, ಬೆಂಗಳೂರಿನ ಶಾಸನಗಳನ್ನ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸೋ ಕೆಲ್ಸ ಮಾಡ್ತಿದಾರೆ. ಹಂಗಾಗಿ ತಮ್ಮ, ಪುಸ್ತಿಕೆಯಲ್ಲಿರೋ ಫೋಟೋ ನೋಡಿ ಫೀಸು ಕಟ್ಬೇಡ. ಹೋದ ವರ್ಷ ಹುಡುಗ್ರು ಎಲ್ಲಿಗೆ ಹೋಗಿದ್ರು, ಬಂದ್ಮೇಲೆ ಏನು ಬರೆದ್ರು, ಆ ವರದಿ ತೋರ್ಸಿ ಅಂತ ಕೇಳು. ಇದ್ರೆ ತೋರಿಸ್ತಾರೆ.

ಯಮುನೆ_ತೀರ

ಡೆಲ್ಲಿ ವಿಷ್ಯ ಬಂತಲ್ಲ ಅದಕ್ಕೆ ಬರೀತಿದೀನಿ. ದೆಹಲಿ ವಿವಿಗೆ ಈಗ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, 2022ರಿಂದ ಹಂಗೇ. ಹಿಂದೂ ಕಾಲೇಜು, ಸ್ಟೀಫನ್ಸ್, ರಾಮಜಸ್, ಹುಡುಗಿಯರಿಗೆ ಮಿರಾಂಡಾ ಹೌಸ್, ಲೇಡಿ ಶ್ರೀರಾಮ್, ಇತಿಹಾಸ ಆನರ್ಸಿಗೆ ಇವೆಲ್ಲ ನಿಜಕ್ಕೂ ಚೆನ್ನಾಗಿವೆ. ನಾನು ಹಾವೇರಿ ಕಡೆಯವಳು, ಕನ್ನಡ ಮಾಧ್ಯಮದಿಂದ್ಲೇ ಹೋಗಿದ್ದು. ಮೊದಲ ಸೆಮಿಸ್ಟರಲ್ಲಿ ವಾರಕ್ಕೆ ಇನ್ನೂರು ಪುಟ ಇಂಗ್ಲಿಷ್ ಓದ್ಬೇಕಿತ್ತು, ರಾತ್ರಿ ಡಿಕ್ಷನರಿ ಇಟ್ಕೊಂಡು ಅಳ್ತಾ ಓದಿದೀನಿ. ಮೂರನೇ ಸೆಮಿಸ್ಟರಿಗೆ ಸರಿ ಹೋಯ್ತು.

ಆದ್ರೂ ನಿಂಗೆ ನಾನು ಹೇಳೋದು ಬಿಎ ಇಲ್ಲೇ ಮಾಡು ಅಂತ. ಅಲ್ಲಿ ನಂಗೆ ಮೊಘಲರ ಕಂದಾಯ ವ್ಯವಸ್ಥೆ ಬಾಯಿಪಾಠ ಆಯ್ತು, ಕದಂಬರು ಅಂದ್ರೆ ಒಂದು ಪ್ಯಾರಾ. ನಿನ್ನ ಕೈಗೆ ಎಟುಕೋ ದೂರದಲ್ಲಿ ತಾಳಗುಂದ, ಬಳ್ಳಿಗಾವಿ, ಬನವಾಸಿ ಇದೆ. ಮೊದ್ಲು ಅದನ್ನ ಓದೋಕೆ ಕಲಿ. ಎಂಎಗೆ ಹೊರಗೆ ಹೋಗು, ಹೈದರಾಬಾದ್ ಕೇಂದ್ರೀಯ ವಿವಿ ಇದೆ, ಜೆಎನ್‌ಯು ಇದೆ, ಪುರಾತತ್ವ ಬೇಕು ಅಂದ್ರೆ ಪುಣೆಯ ಡೆಕ್ಕನ್ ಕಾಲೇಜು. ಅಷ್ಟೊತ್ತಿಗೆ ನಿಂಗೆ ಏನು ಬೇಕು ಅಂತ ನಿಂಗೇ ಗೊತ್ತಿರುತ್ತೆ.

ಇಂಗ್ಲಿಷಿಗೆ ಹೆದರ್ಬೇಡ, ಆದ್ರೆ ತಳ್ಳಿ ಹಾಕ್ಲೂಬೇಡ. ದಿನಾ ಎರಡು ಪುಟ. ರೈಸ್ ಸಂಪುಟದಲ್ಲಿ ಕನ್ನಡ ಪಾಠ ಇದೆ, ಇಂಗ್ಲಿಷ್ ಅನುವಾದ ಇದೆ, ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡು ಓದು. ನಿಮ್ಮೂರ ಶಾಸನದಿಂದ್ಲೇ ಇಂಗ್ಲಿಷ್ ಕಲೀಬಹುದು. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತೆ, ಮೊಬೈಲಲ್ಲೇ ಇಳಿಸ್ಕೋ.

ಮೂಡುಬಿದಿರೆ_ಗಾಳಿ

ಎಲ್ರೂ ಕಲ್ಲಿನ ಬಗ್ಗೆಯೇ ಹೇಳ್ತಾ ಇದ್ದೀರಿ ಮಾರಾಯ್ರೆ, ಗರಿಯೂ ಉಂಟು. ನಮ್ಮಲ್ಲಿ ಮೂಡುಬಿದಿರೆ ಬಸದಿ, ಮಠಗಳಲ್ಲಿ ತಾಳೆಗರಿ ರಾಶಿ ಉಂಟು. ನಿಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಕೆಳದಿ ಮ್ಯೂಸಿಯಂ ಉಂಟಲ್ಲ, ಕೆಳದಿ ಗುಂಡಾ ಜೋಯಿಸರು ಮನೆ ಮನೆ ತಿರುಗಿ ಕೂಡಿಸಿದ್ದು, ಹಿಂದೆ ಸಂಸ್ಕೃತ, ತುಳು ಬರೆಯುತ್ತಿದ್ದ ತಿಗಳಾರಿ ಲಿಪಿಯ ಗರಿಗಳು ಅಲ್ಲಿ ತುಂಬ ಇವೆ. ತಿಗಳಾರಿ ಓದುವವರು ಈಗ ಬೆರಳೆಣಿಕೆ. ನೀನು ಸಹ್ಯಾದ್ರಿಗೆ ಸೇರಿದ್ರೆ ರಜೆಯಲ್ಲಿ ಅಲ್ಲಿಗೆ ಹೋಗಿ ಬಾ, ಬಸ್ಸಲ್ಲಿ ಸಾಗರಕ್ಕೆ ಹೋದ್ರೆ ಅಲ್ಲಿಂದ ಹತ್ರ.

ತೊಗರಿ_ನಾಡು

ನಮ್ಮ ಕಡಿನೂ ಒಂದು ಮಾತು. ಅಶೋಕನ ಹೆಸರು ಇರೋ ಶಾಸನ ಮಸ್ಕಿದಾಗ ಸಿಕ್ಕಿದ್ದು, 1915ರಾಗ, ಚಿನ್ನದ ಗಣಿ ಎಂಜಿನಿಯರ್ ಒಬ್ಬರಿಗಿ. ಅದಕ್ಕಿಂತ ಮೊದಲ ಬ್ಯಾರೆ ಶಾಸನದಾಗ ಬರೋ ದೇವಾನಾಂಪ್ರಿಯ ಅಂದ್ರ ಅಶೋಕನೇ ಅಂತ ಕಲ್ಲಿನ ಸಾಕ್ಷಿ ಇರಲಿಲ್ಲ. ಇಲ್ಲಿ ಬೌದ್ಧ ಸ್ತೂಪದ ಸನ್ನತಿ ಅದ, ಬೀದರ, ಬಹಮನಿ ಕೋಟಿ ಅದ, ಫಾರ್ಸಿ ಬಲ್ಲವರಿಗಿ ಕೆಲಸ ಭಾಳ ಅದ. ಗುಲಬರ್ಗಾ ವಿಶ್ವವಿದ್ಯಾಲಯ ಅದ, ಕಡಗಂಚಿದಾಗ ಕೇಂದ್ರೀಯ ವಿಶ್ವವಿದ್ಯಾಲಯ ಅದ. ತಮ್ಮಗ ದೂರ ಆಗ್ತದ ಖರೆ, ಆದ್ರ ಇದನ್ನ ಓದೋ ಈ ಕಡಿ ಹುಡುಗರು ಊರು ಬಿಟ್ಟು ಹೋಗೂ ಮೊದಲ ಒಮ್ಮಿ ವಿಚಾರ ಮಾಡ್ರಿ.

ಹೊಲದ_ಬದು

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಾನು ಇಷ್ಟು ಜನ ಉತ್ರ ಕೊಡ್ತಾರೆ ಅನ್ಕೊಂಡಿರ್ಲಿಲ್ಲ. ಏಳನೇ ಸಂಪುಟ ಇಳಿಸ್ಕೊಂಡೆ, 176 ಸಿಕ್ತು. ರಾತ್ರಿ ಅಪ್ಪನಿಗೆ ಓದಿ ಹೇಳ್ದೆ. ಸಾಗರದ ಅಣ್ಣ ಕೇಳಿದ ಪ್ರಶ್ನೆನೇ ಅಪ್ಪನೂ ಕೇಳಿದ್ರು, ಕತೆ ಚೆನ್ನಾಗಿದೆ, ಮುಂದೇನು ಅಂತ. ಕಾಂಬಿನೇಷನ್ ಬಗ್ಗೆನೂ ಹೇಳಿ.

ಸಾಧನಕೇರಿ_ಮಳಿ

ಅಪ್ಪಾರಿಗೆ ಹೀಂಗ ಹೇಳು. ಬಿಎ, ಬಿಎಡ್ ಮುಗಿಸಿ ಟಿಇಟಿ, ಅಂದ್ರ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾದ್ರ ಸರ್ಕಾರಿ ಶಾಲಿಗೆ ಅರ್ಜಿ ಹಾಕಬಹುದು. ಎಂಎ ಮಾಡಿ ಬಿಎಡ್ ಇದ್ರ ಪಿಯು ಉಪನ್ಯಾಸಕ, ನಾ ಬಂದಿದ್ದು ಇದ ದಾರಿ. ಎಂಎ ಮಾಡಿ ಕೆ-ಸೆಟ್ ಅಥವಾ ನೆಟ್ ಅನ್ನೂ ಅರ್ಹತಾ ಪರೀಕ್ಷೆ ಆದ್ರ ಡಿಗ್ರಿ ಕಾಲೇಜಿಗೆ. ನೆಟ್‌ನ್ಯಾಗ ಜೆಆರ್‌ಎಫ್ ಅನ್ನೂ ಸಂಶೋಧನಾ ಫೆಲೋಶಿಪ್ ಬಂತಂದ್ರ ಪಿಎಚ್‌ಡಿ ಮಾಡ್ತಾ ತಿಂಗಳಿಗೆ 37,000 ಬರ್ತೈತಿ, ಅದು ಸಣ್ಣ ಮಾತಲ್ಲ. ಪುರಾತತ್ವ ಇಲಾಖೆ, ಪತ್ರಾಗಾರ, ಮ್ಯೂಸಿಯಂ ಹುದ್ದಿನೂ ಅದಾವ, ಆದ್ರ ಕಡಿಮಿ. ಸುಳ್ಳು ಹೇಳೂದಿಲ್ಲ, ನೇಮಕಾತಿ ಪ್ರತಿ ವರ್ಷ ಕರೆಯೂದಿಲ್ಲ. ನಾ ಎಂಎ ಆದ ಮ್ಯಾಲೆ ಐದು ವರ್ಷ ಕಾದೀನಿ. ಆ ಐದು ವರ್ಷ ಖಾಸಗಿ ಕಾಲೇಜಿನ್ಯಾಗ ಪಾಠ ಹೇಳಿ, ಟ್ಯೂಷನ್ ಹೇಳಿ ದಿನಾ ತಗದೆ. ಇದನ್ನ ಅಪ್ಪಾರಿಗೆ ಮುಚ್ಚಿಡಬ್ಯಾಡ, ಈಗ ಹೇಳಿ ಹೋದ್ರ ಮುಂದ ಅವರ ನಿನ್ನ ಜೋಡಿ ನಿಲ್ತಾರ.

ನಿವೃತ್ತ_ಮೇಷ್ಟ್ರು

ಅಮ್ಮಾ ಸರಿಯಾಗಿ ಹೇಳಿದ್ರಿ. ಸಾಗರದವರ ಮಾತನ್ನ ಹಗುರವಾಗಿ ತಗೋಬೇಡ ಮಗು. ಆ ಹುಡುಗ ಕೆಟ್ಟವನಲ್ಲ, ಅವನಿಗೆ ಬಿಎ ಮೂರು ವರ್ಷ ಏನು ಮಾಡ್ಬೇಕು ಅಂತ ಹೇಳೋರು ಸಿಗ್ಲಿಲ್ಲ ಅಷ್ಟೇ. ಡಿಗ್ರಿ ಮುಗಿಯೋದ್ರೊಳಗೆ ಕೈಯಲ್ಲಿ ಒಂದು ಕೌಶಲ ಇರ್ಬೇಕು, ಹಳೇ ಲಿಪಿ ಓದೋದಾಗ್ಲಿ, ಒಂದು ಭಾಷೆ ಆಗ್ಲಿ, ಚೆನ್ನಾಗಿ ಬರೆಯೋದಾಗ್ಲಿ. ಅದು ಇದ್ದವನು ಕಾಯೋ ಕಾಲದಲ್ಲೂ ಕೈ ಕಟ್ಟಿ ಕೂರಲ್ಲ.

ಕಾಂಬಿನೇಷನ್. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದ್ರು, 2024-25ರಿಂದ ಮತ್ತೆ ಮೂರು ವರ್ಷ, ಮೂರು ಮುಖ್ಯ ವಿಷಯ. ಹಂಗಾಗಿ ಇತಿಹಾಸದ ಜೊತೆ ಇನ್ನೆರಡು ಏನು ಅನ್ನೋದು ಈಗ ಮುಖ್ಯ. ಎಲ್ರೂ ಎಚ್‌ಇಪಿ ಅಂತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಅದು ಅನುಕೂಲ, ಒಪ್ತೀನಿ. ಆದ್ರೆ ನಿನ್ನ ಮನಸ್ಸು ಶಾಸನದ ಮೇಲಿದ್ರೆ ಐಚ್ಛಿಕ ಕನ್ನಡ ಇರೋದನ್ನೇ ತಗೋ, ಎಚ್‌ಇಕೆ, ಅಂದ್ರೆ ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಹಳಗನ್ನಡ ಬರದವನು ಶಾಸನ ಓದಿದ್ರೆ ಬೇರೆಯವರ ಅನುವಾದ ಓದಿದ ಹಾಗೆ. ಜೊತೆಗೆ ಭಾಷೆಯ ಪತ್ರಿಕೆಯಲ್ಲಿ ಸಂಸ್ಕೃತ ಸಿಗೋದಾದ್ರೆ ಯೋಚ್ನೆ ಮಾಡು, ನಿನ್ನ ಕುಬ್ಜ ಬರೆದಿದ್ದು ಸಂಸ್ಕೃತದಲ್ಲಿ. ಅರ್ಜಿ ಯುಯುಸಿಎಂಎಸ್ ಪೋರ್ಟಲಲ್ಲಿ, ಅಲ್ಲಿ ಕಾಂಬಿನೇಷನ್ ಹಾಕುವಾಗ ಸೈಬರ್‌ನವರ ಕೈಗೆ ಬಿಡ್ಬೇಡ, ಪಕ್ಕದಲ್ಲಿ ನಿಂತು ನೀನೇ ನೋಡು. ಎಷ್ಟೋ ಮಕ್ಕಳು ಅಲ್ಲೇ ತಪ್ಪು ವಿಷಯಕ್ಕೆ ಸೇರಿ ಅತ್ತಿದಾರೆ.

ಚಾಮುಂಡಿ_ಮೆಟ್ಟಿಲು

ಇನ್ನೊಂದು ಸೇರಿಸ್ತೀನಿ, ಕರ್ನಾಟಕ ಇತಿಹಾಸ ಅಕಾಡೆಮಿ ವರ್ಷಕ್ಕೊಂದು ಸಮ್ಮೇಳನ ಮಾಡುತ್ತೆ, ಬೇರೆ ಬೇರೆ ಊರಲ್ಲಿ. ಅಲ್ಲಿ ಹಳ್ಳಿ ಮೇಷ್ಟ್ರು, ಪೋಸ್ಟ್ ಆಫೀಸಿನವರು, ರೈತರು ಎಲ್ಲಾ ತಮ್ಮೂರಲ್ಲಿ ಹುಡುಕಿದ ಶಾಸನದ ಬಗ್ಗೆ ಕನ್ನಡದಲ್ಲೇ ಪ್ರಬಂಧ ಓದ್ತಾರೆ. ನೀನು ಯಾವ ಕಾಲೇಜಲ್ಲಿದ್ರೂ ಹೋಗು. ದೊಡ್ಡ ದೊಡ್ಡವರು ಕೂತು ಕೇಳ್ತಾರೆ, ಊಟದ ಸಾಲಲ್ಲಿ ನಿಂತು ಮಾತಾಡಿಸ್ಬಹುದು.

ಹೊಲದ_ಬದು

ಎರಡು ವಾರ ಆದ್ಮೇಲೆ ಬರೀತಿದೀನಿ. ಅಪ್ಪ ನಾನು ಇಬ್ರೂ ಮೂರು ಕಾಲೇಜು ನೋಡ್ಕೊಂಡು ಬಂದ್ವಿ. ಒಂದು ಕಡೆ ಲೈಬ್ರರಿಗೆ ಬೀಗ ಇತ್ತು, ಲೈಬ್ರೇರಿಯನ್ ಹುದ್ದೆ ಖಾಲಿ ಅಂತೆ, ಎಷ್ಟು ದಿನದಿಂದ ಅಂತ ಕೇಳಿದ್ರೆ ಆಫೀಸಿನವರು ಉತ್ರ ಕೊಡ್ಲಿಲ್ಲ. ಮೈಸೂರಿಗೂ ಹೋದ್ವಿ, ಓರಿಯಂಟಲ್ ಇನ್‌ಸ್ಟಿಟ್ಯೂಟ್ ಹೊರಗಿಂದ ನೋಡಿ ತುಂಬಾ ಆಸೆ ಆಯ್ತು, ನಿಜ ಹೇಳ್ಬೇಕು ಅಂದ್ರೆ ಬಿಟ್ಟು ಬರೋಕೆ ಮನಸ್ಸಿರ್ಲಿಲ್ಲ. ಆದ್ರೆ ರೂಮಿನ ಬಾಡಿಗೆ ಕೇಳಿ ಅಪ್ಪ ಸುಮ್ಮನಾಗ್ಬಿಟ್ರು. ಅವ್ರು ಏನೂ ಅನ್ಲಿಲ್ಲ, ಬಸ್ ಸ್ಟ್ಯಾಂಡಲ್ಲಿ ನನಗೆ ಮಾತ್ರ ಕಾಫಿ ಕೊಡ್ಸಿದ್ರು.

ಶಿವಮೊಗ್ಗಕ್ಕೆ ಸೇರ್ತಿದೀನಿ. ಅಲ್ಲಿ ಮೇಡಂ ಒಬ್ರು ನಾನು 176 ಅಂತ ಹೇಳಿದ ತಕ್ಷಣ ಕುರ್ಚಿ ಎಳೆದು ಕೂರ್ಸಿ, ಬಳ್ಳಿಗಾವಿ ಕೋಡಿಯಮಠದ ಶಾಸನ ಓದಿದೀಯಾ ಅಂತ ಕೇಳಿದ್ರು. ಇಲ್ಲ ಅಂದೆ. ಅವ್ರೇ ಹೇಳಿದ್ರು, 1162ರದ್ದು, ಆ ಮಠದಲ್ಲಿ ವೇದ ವ್ಯಾಕರಣ ತರ್ಕ ಎಲ್ಲಾ ಪಾಠ ಆಗ್ತಿತ್ತು, ಬಡವರು ಕುರುಡರು ಕುಂಟರಿಗೆ ಅನ್ನ ಇತ್ತು, ಕಾಯಿಲೆಯವರಿಗೆ ಔಷಧಿ ಇತ್ತು ಅಂತ ಕಲ್ಲಲ್ಲೇ ಬರ್ದಿದಾರಂತೆ. ನಮ್ಮನೆಯಿಂದ ಬಳ್ಳಿಗಾವಿಗೆ ಸೈಕಲಲ್ಲಿ ಅರ್ಧ ಗಂಟೆ, ಕೇದಾರೇಶ್ವರ ಜಾತ್ರೆಗೆ ಪ್ರತಿ ವರ್ಷ ಹೋಗಿದೀನಿ, ಇದು ಗೊತ್ತೇ ಇರ್ಲಿಲ್ಲ. ಅಪ್ಪ ಬಾಗಿಲ ಹತ್ರನೇ ನಿಂತಿದ್ರು, ಒಳಗೆ ಬಂದು ಮೇಡಂನ ಕೇಳಿದ್ರು, ನಮ್ಮ ಹೊಲದ ಬದುವಲ್ಲೂ ಒಂದು ಅಕ್ಷರ ಇರೋ ಕಲ್ಲಿದೆ, ಅದನ್ನೂ ಇವ್ನು ಓದ್ತಾನಾ ಅಂತ. ಮೂರು ವರ್ಷ ಕೊಡಿ, ಓದಿಸ್ತೀನಿ ಅಂದ್ರು ಮೇಡಂ.

ಎಚ್‌ಇಕೆ ಹಾಕಿದೀನಿ. ಹಾಸ್ಟೆಲ್ ಅರ್ಜಿನೂ ಹಾಕಾಯ್ತು.

ಸಾಗರದ_ಅಡಿಕೆ

ಒಳ್ಳೇದಾಗ್ಲಿ ತಮ್ಮಾ. ಕೆಳದಿಗೆ ಬಂದಾಗ ನಮ್ಮನೆಗೆ ಬಾ, ಊಟ ಮಾಡ್ಕೊಂಡು ಹೋಗು. ನಮ್ಮ ಹುಡುಗನ್ನೂ ನಿನ್ನ ಜೊತೆ ಮ್ಯೂಸಿಯಂಗೆ ಕಳಿಸ್ತೀನಿ, ಹೊರಗೆ ಬಂದ್ರೆ ಸಾಕು ಅವ್ನು.

ನಿವೃತ್ತ_ಮೇಷ್ಟ್ರು

ಬದುವಿನ ಕಲ್ಲು ಅಂದ್ಯಲ್ಲ, ಅದ್ರ ಫೋಟೋ ತೆಗಿ. ಸುಣ್ಣ, ಚಾಕ್‌ಪೀಸ್, ಅರಿಶಿನ ಏನೂ ಹಚ್ಬೇಡ. ತಂತಿ ಬ್ರಶ್ ಮುಟ್ಟಿಸ್ಬೇಡ. ಬರೀ ನೀರಲ್ಲಿ ತೊಳೆದು ಒಣಗೋಕೆ ಬಿಡು. ಕತ್ತಲಾದ್ಮೇಲೆ ಟಾರ್ಚನ್ನ ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡೀಬೇಕು, ಎದುರಿಂದ ಅಲ್ಲ. ಆಗ ಅಕ್ಷರದ ಗೀರಲ್ಲಿ ನೆರಳು ಕೂರುತ್ತೆ.

ಹೊಲದ_ಬದು

ಸರ್, ಇವತ್ತು ತೆಗೆದೆ, ಫೋಟೋ ಹಾಕಿದೀನಿ ನೋಡಿ. ಅಪ್ಪನೇ ಟಾರ್ಚ್ ಹಿಡ್ಕೊಂಡು ಕೂತಿದ್ರು, ಒಂದು ಗಂಟೆ. ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ ಬಿಲ್ಲು ಹಿಡಿದಿದಾನೆ, ಪಕ್ಕದಲ್ಲಿ ದನ ಇವೆ. ಮಧ್ಯದಲ್ಲಿ ಅವ್ನನ್ನ ಇಬ್ರು ಹೆಂಗಸ್ರು ಎತ್ಕೊಂಡು ಹೋಗ್ತಿದಾರೆ. ಮೇಲೆ ಲಿಂಗ, ನಂದಿ. ಪಟ್ಟಿಕೆಗಳ ಮಧ್ಯ ಮೂರು ಸಾಲು ಬರಹ ಇದೆ, ಎರಡನೇ ಸಾಲಲ್ಲಿ ‘ತುಱು’ ಅನ್ನೋ ಹಂಗೆ ಕಾಣ್ತಿದೆ, ಮುಂದಿನ ಅಕ್ಷರ ಒಡ್ದೋಗಿದೆ. ಸರಿನಾ ಸರ್?

ನಿವೃತ್ತ_ಮೇಷ್ಟ್ರು

ಸರಿ. ತುಱುಗೊಳ್ ಇರ್ಬೇಕು, ದನ ಹಿಡ್ಕೊಂಡು ಹೋಗೋರ ಜೊತೆ ಹೋರಾಡಿ ಸತ್ತವನು. ಮೂರನೇ ಸಾಲಿನ ಶುರುವಲ್ಲಿ ಅವನ ಹೆಸರು ಇರುತ್ತೆ, ಟಾರ್ಚ್ ಎಡಗಡೆಯಿಂದ ಹಿಡಿದು ಇನ್ನೊಂದು ತೆಗೆದು ಹಾಕು.